ಅಂಗವಿಕಲರನ್ನು ಜೊತೆಗೂಡಿಸುವ ಸಮುದಾಯ ಯೋಜನೆಗೆ ಸರ್ಕಾರದ ಅನುದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಸಂಘ, ಆಟದ ಕ್ಲಬ್, ಓದುಗರ ಕೂಟ, ಪೋಷಕರ ಗುಂಪು, ಅಂಗವಿಕಲರೇ ಕಟ್ಟಿಕೊಂಡ ಸಂಘಟನೆ. ಇಂಥವರು ಅನುದಾನದ ಅರ್ಜಿ ಮುಂದಿಟ್ಟುಕೊಂಡು ಕೂತಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅರ್ಜಿ ಬರೆಯುವವರ ಪಕ್ಕ ವರ್ಷಗಟ್ಟಲೆ ಕೂತಿದ್ದೇನೆ. ಮಂಜೂರಾದದ್ದನ್ನೂ ನೋಡಿದ್ದೇನೆ, ವಾಪಸ್ ಬಂದದ್ದನ್ನೂ ನೋಡಿದ್ದೇನೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಆದರೆ ಒಳ್ಳೆಯ ಯೋಜನೆಯನ್ನೂ ಕಾಟಾಚಾರದ ಯೋಜನೆಯನ್ನೂ ಬೇರೆ ಮಾಡುವ ಪ್ರಶ್ನೆ ಎಲ್ಲ ಕಡೆ ಒಂದೇ: ಇದನ್ನು ಯಾರು ಕೂತು ಯೋಚಿಸಿದರು?

ಈ ಅನುದಾನ ಅಂದರೆ ಸಾಲವಾ? ವಾಪಸ್ ಕಟ್ಟಬೇಕಾ?

ಸಾಲ ಅಲ್ಲ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದರೆ ವಾಪಸ್ ಕೊಡಬೇಕಿಲ್ಲ. ಆದರೆ ಇದು ದಾನವೂ ಅಲ್ಲ. ಒಪ್ಪಂದದಲ್ಲಿ ಏನು ಬರೆದಿದೆಯೋ ಅದಕ್ಕೆ ಮಾತ್ರ ಖರ್ಚು ಮಾಡಬೇಕು. ಉಳಿದರೆ ಸಾಮಾನ್ಯವಾಗಿ ಹಿಂದಿರುಗಿಸಬೇಕು. ಬೇರೆ ಕೆಲಸಕ್ಕೆ ತಿರುಗಿಸಿದರೆ ಕೊಟ್ಟದ್ದನ್ನು ವಸೂಲಿ ಮಾಡುವ ಹಕ್ಕು ಸರ್ಕಾರಕ್ಕೆ ಇರುತ್ತದೆ.

ಅಂಗವಿಕಲರಿಗೆ ಬರುವ ಪಿಂಚಣಿ, ವೀಲ್‌ಚೇರ್, ಶ್ರವಣಯಂತ್ರ ಇವೆಲ್ಲ ಇದರಲ್ಲೇ ಸೇರುತ್ತಾ?

ಇಲ್ಲ. ಅವು ಒಬ್ಬೊಬ್ಬ ವ್ಯಕ್ತಿಗೆ ನೇರವಾಗಿ ಸಿಗುವ ಸೌಲಭ್ಯಗಳು. ಅದಕ್ಕೆ ಬೇರೆ ಅರ್ಜಿ, ಬೇರೆ ಕಚೇರಿ. ಸಮುದಾಯ ಯೋಜನೆಯ ಅನುದಾನ ಸಿಗುವುದು ಊರು, ಕ್ಲಬ್, ಗ್ರಂಥಾಲಯ, ಸಂಘ ಬದಲಾಗಲಿ ಅಂತ. ಒಬ್ಬರಿಗೆ ವೀಲ್‌ಚೇರ್ ಕೊಟ್ಟರೆ ಅವರು ಮನೆಯ ಬಾಗಿಲವರೆಗೆ ಬರುತ್ತಾರೆ. ಆಮೇಲೆ ಬೀದಿ, ಬಸ್ಸು, ಸಭಾಂಗಣದ ಮೆಟ್ಟಿಲು ಇವೆಯಲ್ಲ, ಈ ಅನುದಾನದ ಕೆಲಸ ಶುರುವಾಗುವುದು ಅಲ್ಲಿಂದ.

ಸರ್ಕಾರ ಇದಕ್ಕೆ ಯಾಕೆ ದುಡ್ಡು ಕೊಡುತ್ತದೆ?

ಕೊಡುತ್ತೇನೆ ಅಂತ ಒಪ್ಪಿಕೊಂಡಿರುವ ಹೊಣೆ ಅದು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2008ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಜಗತ್ತಿನ ಬಹುಪಾಲು ದೇಶಗಳು ಅದಕ್ಕೆ ಸೇರಿವೆ. ಅದರ 19ನೇ ವಿಧಿ ಹೇಳುವುದು ಇಷ್ಟು: ಅಂಗವಿಕಲರಿಗೆ ಎಲ್ಲರಂತೆ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಎಲ್ಲಿ ಯಾರ ಜೊತೆ ಇರಬೇಕು ಅನ್ನುವುದು ಅವರ ಆಯ್ಕೆ, ಊರಿಗೆಲ್ಲ ಇರುವ ಸೌಲಭ್ಯ ಅವರಿಗೂ ಸಿಗಬೇಕು. 9ನೇ ವಿಧಿ ಕಟ್ಟಡ, ಸಾರಿಗೆ, ಮಾಹಿತಿ ಎಲ್ಲವೂ ಅವರ ಕೈಗೆಟುಕಬೇಕು ಅನ್ನುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಗಣನೀಯ ಅಂಗವೈಕಲ್ಯ ಇದೆ. ಶೇಕಡ 16. ಅಂದರೆ ಪ್ರತಿ ಆರು ಜನರಲ್ಲಿ ಒಬ್ಬರು. ನಿಮ್ಮ ಸಭೆಗೆ ಅರವತ್ತು ಜನ ಬಂದು ಅದರಲ್ಲಿ ಒಬ್ಬರೂ ಅಂಗವಿಕಲರಿಲ್ಲ ಅಂದರೆ, ಅವರು ಊರಲ್ಲಿ ಇಲ್ಲ ಅಂತಲ್ಲ. ಒಳಗೆ ಬರಲು ದಾರಿ ಇಲ್ಲ ಅಂತ.

ಹಾಗಾಗಿ ಅರ್ಜಿಯಲ್ಲಿ ದಯೆ ಬೇಡುವ ದನಿ ಬೇಡ. "ದಯವಿಟ್ಟು ಈ ದುರ್ದೈವಿಗಳಿಗೆ ನೆರವಾಗಿ" ಅಂತ ಬರೆದ ಅರ್ಜಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಕ್ಕಿನ ಕೆಲಸಕ್ಕೆ ಹಕ್ಕಿನ ಭಾಷೆಯೇ ಇರಲಿ.

ಯಾವ ಪದ ಬಳಸಬೇಕು? ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು?

ಅರ್ಜಿಯಲ್ಲಿ ನಿಮ್ಮಲ್ಲಿನ ಕಾನೂನು ಬಳಸುವ ಪದವನ್ನೇ ಬಳಸಿ. ಮಾತಿನಲ್ಲಿ ನಿಮ್ಮ ಜೊತೆಗಿರುವ ಅಂಗವಿಕಲರನ್ನೇ ಕೇಳಿ, ಅವರು ಹೇಳಿದ್ದನ್ನು ಇಟ್ಟುಕೊಳ್ಳಿ. "ಪಾಪ", "ನರಳುತ್ತಿರುವ", "ಗಾಲಿಕುರ್ಚಿಗೆ ಅಂಟಿಕೊಂಡ" ಇವೆಲ್ಲ ಬೇಡ. ಗಾಲಿಕುರ್ಚಿ ಯಾರನ್ನೂ ಕಟ್ಟಿಹಾಕುವುದಿಲ್ಲ, ಓಡಾಡಿಸುತ್ತದೆ.

ಯಾರು ಅರ್ಜಿ ಹಾಕಬಹುದು? ನಮ್ಮದು ನೋಂದಣಿಯಾಗದ ಪುಟ್ಟ ಗುಂಪು.

ಹೆಚ್ಚಿನ ಕಡೆ ನೋಂದಾಯಿತ, ಲಾಭದ ಉದ್ದೇಶ ಇಲ್ಲದ ಸಂಸ್ಥೆಗೆ ಮಾತ್ರ ಅವಕಾಶ. ಸ್ಥಳೀಯ ಆಡಳಿತಕ್ಕೆ, ಕೆಲವು ಕಡೆ ಸಣ್ಣ ಉದ್ದಿಮೆಗಳಿಗೂ ಅವಕಾಶ ಇರುವುದುಂಟು. ನೋಂದಣಿ ಇಲ್ಲದಿದ್ದರೆ ನೋಂದಾಯಿತ ಸಂಸ್ಥೆಯೊಂದರ ಆಶ್ರಯದಲ್ಲಿ ಅರ್ಜಿ ಹಾಕುವ ದಾರಿ ಇರಬಹುದು. ಲೆಕ್ಕಪತ್ರ ಅವರದು, ಕೆಲಸ ನಿಮ್ಮದು.

ಆ ದಾರಿ ಹಿಡಿಯುವ ಮುನ್ನ ಕಾಗದದ ಮೇಲೆ ಬರೆದುಕೊಳ್ಳಿ: ದುಡ್ಡು ಯಾವ ಖಾತೆಗೆ ಬರುತ್ತದೆ, ಸಹಿ ಯಾರದು, ಆಡಳಿತ ವೆಚ್ಚ ಅಂತ ಅವರು ಎಷ್ಟು ಹಿಡಿದುಕೊಳ್ಳುತ್ತಾರೆ, ಕೊಂಡ ಸಾಮಾನು ಕೊನೆಗೆ ಯಾರಿಗೆ ಸೇರುತ್ತದೆ. ಬಾಯಿಮಾತಿನ ಮೇಲೆ ನಡೆದ ಇಂಥ ಪಾಲುದಾರಿಕೆ ಕಂತು ತಡವಾದ ಮೊದಲ ತಿಂಗಳಲ್ಲೇ ಮುರಿದುಬಿದ್ದದ್ದನ್ನು ಕಂಡಿದ್ದೇನೆ. ಎರಡೂ ಕಡೆಯವರು ಒಳ್ಳೆಯವರೇ ಆಗಿದ್ದರು.

ಎಂಥ ಯೋಜನೆಗೆ ಅನುದಾನ ಸಿಗುತ್ತದೆ?

ಮೊದಲು ನೋಡಬೇಕಾದದ್ದು ಅನುದಾನದ ಜಾತಕ. ಹೆಸರು ಒಂದೇ ಥರ ಇದ್ದರೂ ಒಳಗಿನ ಉದ್ದೇಶ ಬೇರೆ ಬೇರೆ. ಕೆನಡಾದಲ್ಲಿ 2007ರಲ್ಲಿ ಶುರುವಾದ ಎನೇಬ್ಲಿಂಗ್ ಆಕ್ಸೆಸಿಬಿಲಿಟಿ ಫಂಡ್ ಮುಖ್ಯವಾಗಿ ಕಟ್ಟಡ, ಜಾಗಗಳನ್ನು ಎಲ್ಲರೂ ಬಳಸುವಂತೆ ಸರಿಪಡಿಸಲು. ಭಾರತದ ದೀನದಯಾಳ್ ಅಂಗವಿಕಲರ ಪುನರ್ವಸತಿ ಯೋಜನೆ ವಿಶೇಷ ಶಾಲೆ, ವೃತ್ತಿ ತರಬೇತಿಯಂಥ ಕೇಂದ್ರಗಳನ್ನು ನಡೆಸುವ ಸ್ವಯಂಸೇವಾ ಸಂಸ್ಥೆಗಳಿಗೆ. ಆಸ್ಟ್ರೇಲಿಯಾದಲ್ಲಿ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯ ಜೊತೆಗೆ ಬಂದ ಅನುದಾನಗಳ ಒಂದು ಸಾಲು ಮಾಹಿತಿ, ಸಂಪರ್ಕ, ಸಮುದಾಯದ ಸಾಮರ್ಥ್ಯ ಹೆಚ್ಚಿಸುವ ಕೆಲಸಕ್ಕೆ. ಕಟ್ಟಡದ ಅನುದಾನಕ್ಕೆ ತರಬೇತಿಯ ಅರ್ಜಿ ಹಾಕಿದರೆ, ಅದೆಷ್ಟೇ ಚೆನ್ನಾಗಿದ್ದರೂ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ.

ಸಾಮಾನ್ಯವಾಗಿ ಒಪ್ಪಿಗೆಯಾಗುವಂಥವು: ಆಟದ ಕ್ಲಬ್ಬು, ಗ್ರಂಥಾಲಯ, ಕಲಾತಂಡಗಳು ಅಂಗವಿಕಲ ಸದಸ್ಯರನ್ನು ಸೇರಿಸಿಕೊಳ್ಳಲು ಮಾಡುವ ಬದಲಾವಣೆ. ಅಂಗವಿಕಲರೇ ಪರಸ್ಪರ ನೆರವಾಗುವ ಗುಂಪು. ಕೆಲಸ ಹುಡುಕುವ ಯುವಕರಿಗೂ ಕೆಲಸ ಕೊಡುವವರಿಗೂ ಸೇರಿಸಿ ತರಬೇತಿ. ಸಂಜ್ಞಾ ಭಾಷೆಯ ತರಗತಿ. ಸರಳ ವಾಕ್ಯ, ಚಿತ್ರಗಳಿಂದ ಮಾಡಿದ ಸುಲಭ ಓದಿನ ಮಾಹಿತಿ ಪತ್ರ. ಯೋಚಿಸಲು ದಾರಿ ಬೇಕು ಅಂದರೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಸಮುದಾಯ ಆಧಾರಿತ ಪುನರ್ವಸತಿ ಮಾರ್ಗಸೂಚಿ ಐದು ಕ್ಷೇತ್ರ ಗುರುತಿಸುತ್ತದೆ: ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ. ಒಂದೇ ಅರ್ಜಿಯಲ್ಲಿ ಐದನ್ನೂ ತುರುಕಬೇಡಿ. ಒಂದನ್ನು ಗಟ್ಟಿಯಾಗಿ ಹಿಡಿಯಿರಿ.

ಅಂಗವಿಕಲರಿಗೇ ಅಂತ ಪ್ರತ್ಯೇಕ ಕ್ರೀಡಾದಿನ, ಪ್ರತ್ಯೇಕ ಪ್ರವಾಸ ಮಾಡಿದರೆ ಆಗಲ್ವಾ?

ಕೆಲವೊಮ್ಮೆ ಪ್ರತ್ಯೇಕ ಜಾಗ ಬೇಕೇ ಬೇಕು. ಕಿವುಡ ಮಕ್ಕಳು ತಮ್ಮ ಸಂಜ್ಞಾ ಭಾಷೆಯಲ್ಲಿ ಎಗ್ಗಿಲ್ಲದೆ ಹರಟುವ ಸಂಜೆಗೆ ಬೇರೆಯೇ ಬೆಲೆ ಇದೆ. ಹೊಸದಾಗಿ ದೃಷ್ಟಿ ಕಳೆದುಕೊಂಡವರಿಗೆ ಅದೇ ದಾರಿ ನಡೆದು ಬಂದವರ ಜೊತೆ ಕೂರುವುದು ದೊಡ್ಡ ಆಸರೆ.

ಆದರೆ ಇಡೀ ಊರಿಗೆ ಒಂದು ಕ್ರೀಡಾಕೂಟ, ಇವರಿಗೆ ಮಾತ್ರ ಇನ್ನೊಂದು ದಿನ ಅಂದರೆ ಅದು ಒಳಗೊಳ್ಳುವುದಲ್ಲ, ಬೇರೆ ಪಂಕ್ತಿ ಹಾಕಿದ ಹಾಗೆ. ಅರ್ಜಿಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿ: ಕಾರ್ಯಕ್ರಮ ಮುಗಿದ ಮಾರನೇ ದಿನ ಅಂಗವಿಕಲರ ಬದುಕಿನಲ್ಲಿ, ಉಳಿದವರ ನಡವಳಿಕೆಯಲ್ಲಿ, ಆ ಜಾಗದಲ್ಲಿ ಏನು ಬದಲಾಗಿರುತ್ತದೆ? ಉತ್ತರ ಸಿಗದಿದ್ದರೆ ಯೋಜನೆಯನ್ನು ತಿದ್ದಿ. ವಾಕ್ಯವನ್ನು ತಿದ್ದಿದರೆ ಸಾಲದು.

"ಅಂಗವಿಕಲರ ಜೊತೆ ಸಮಾಲೋಚನೆ ನಡೆಸಿದ್ದೇವೆ" ಅಂತ ಬರೆದರೆ ಸಾಕಾ?

ಸಾಲದು. ಇದೊಂದು ಪ್ರಶ್ನೆಗೆ ನಾನು ಉದ್ದ ಉತ್ತರ ಕೊಡುತ್ತೇನೆ, ದಯವಿಟ್ಟು ಓದಿ.

ಒಡಂಬಡಿಕೆಯ 4ನೇ ವಿಧಿಯ 3ನೇ ಉಪವಿಧಿ ಸರ್ಕಾರಗಳಿಗೇ ಹೇಳುತ್ತದೆ: ಅಂಗವಿಕಲರಿಗೆ ಸಂಬಂಧಿಸಿದ ತೀರ್ಮಾನ ಮಾಡುವಾಗ ಅವರನ್ನು, ಅವರ ಸಂಘಟನೆಗಳ ಮೂಲಕ, ಹತ್ತಿರದಿಂದ ಕೇಳಬೇಕು, ಸಕ್ರಿಯವಾಗಿ ಸೇರಿಸಿಕೊಳ್ಳಬೇಕು. ಸರ್ಕಾರಕ್ಕೇ ಈ ಹೊಣೆ ಇರುವಾಗ ಅದರ ದುಡ್ಡು ತಗೊಳ್ಳುವ ನಮಗೆ ಇಲ್ಲವಾ? ಅಮೆರಿಕದಲ್ಲಿ ಸ್ವತಂತ್ರ ಬದುಕಿನ ಕೇಂದ್ರಗಳಿವೆ, ಅಂಗವಿಕಲರು ತಮ್ಮ ಬದುಕನ್ನು ತಾವೇ ನಡೆಸಲು ನೆರವಾಗುವಂಥವು. 1972ರಲ್ಲಿ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಗೆಳೆಯರು ಕಟ್ಟಿದ ಕೇಂದ್ರದಿಂದ ಹಬ್ಬಿದ ಚಳವಳಿ ಅದು. ರಾಬರ್ಟ್ಸ್ ಪೋಲಿಯೊದಿಂದಾಗಿ ಉಸಿರಾಟದ ಯಂತ್ರದ ನೆರವಿನಲ್ಲಿ ಬದುಕಿದವರು. ಇಂಥ ಕೇಂದ್ರಕ್ಕೆ ಅಲ್ಲಿನ ಸರ್ಕಾರದ ಅನುದಾನ ಸಿಗಬೇಕಾದರೆ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಂಗವಿಕಲರೇ ಇರಬೇಕು ಅಂತ ಕಾನೂನೇ ಇದೆ. ಸಲಹೆ ಕೇಳುವುದಲ್ಲ, ತೀರ್ಮಾನವೇ ಅವರ ಕೈಯಲ್ಲಿ.

ನಮ್ಮ ಕಡೆಯ ತಪ್ಪು ಹೇಗಿರುತ್ತದೆ ಹೇಳುತ್ತೇನೆ. ಯೋಜನೆ ಪೂರ್ತಿ ಬರೆದಾಗಿರುತ್ತದೆ. ಅರ್ಜಿಗೆ ಕೊನೆಯ ದಿನ ನಾಳೆ. ಇವತ್ತು ಸಂಜೆ ಒಬ್ಬರಿಗೆ ಫೋನ್ ಮಾಡಿ "ಹಿಂಗೊಂದು ಮಾಡ್ತಿದ್ದೀವಿ, ಚೆನ್ನಾಗಿದೆ ಅಲ್ವಾ?" ಅಂತ ಕೇಳುತ್ತೇವೆ. ಅವರು "ಚೆನ್ನಾಗಿದೆ" ಅನ್ನುತ್ತಾರೆ, ಇನ್ನೇನು ಅಂದಾರು? ಆಮೇಲೆ ಉದ್ಘಾಟನೆಯ ದಿನ ಅವರನ್ನೇ ವೇದಿಕೆಯ ಮೇಲೆ ಉತ್ಸವಮೂರ್ತಿಯ ಹಾಗೆ ಕೂರಿಸುತ್ತೇವೆ.

ಒಂದು ಸಲ ನಾನೇ ಇದ್ದ ತಂಡದಲ್ಲಿ ಹೀಗಾಯಿತು. ಓದುವ ಕೋಣೆಯೊಂದಕ್ಕೆ ದುಬಾರಿ ಬ್ರೈಲ್ ಮುದ್ರಣ ಯಂತ್ರ ಬೇಕು ಅಂತ ಬಜೆಟ್ ಮಾಡಿದ್ದೆವು. ಅರ್ಜಿ ಹೋಗುವ ಮೂರು ವಾರ ಮೊದಲು, ಯಾರೋ ಒತ್ತಾಯ ಮಾಡಿದ್ದರಿಂದ, ಅಲ್ಲಿಗೆ ಬರುವ ಅಂಧ ಹುಡುಗಿಯೊಬ್ಬಳ ಜೊತೆ ಕೂತೆವು. ಆಕೆ ಬಜೆಟ್ಟನ್ನು, ಬರಹವನ್ನು ದನಿಯಲ್ಲಿ ಓದಿ ಹೇಳುವ ಫೋನಿನ ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಂಡಳು. ಒಂದು ಕಿವಿಗೆ ಇಯರ್‌ಫೋನ್, ನಮಗೆ ಅರ್ಥವೇ ಆಗದ ವೇಗ. ಕೇಳಿ ಮುಗಿಸಿ ಅಂದಳು: "ಬ್ರೈಲ್ ಬೇಕು, ಇಲ್ಲ ಅನ್ನಲ್ಲ. ಆದರೆ ನಾನು ಬಸ್ ಸ್ಟಾಪಿನಿಂದ ಇಲ್ಲಿಗೆ ಬರೋದು ಹೆಂಗೆ? ದಾರೀಲಿ ಮುಚ್ಚಳ ಇಲ್ಲದ ಚರಂಡಿ ಎರಡಿದೆ." ನಮ್ಮಲ್ಲಿ ಒಬ್ಬರೂ ಆ ದಾರಿಯನ್ನು ಆ ಕಣ್ಣಿನಿಂದ ನೋಡಿರಲಿಲ್ಲ. ಯಂತ್ರಕ್ಕೆ ಇಟ್ಟ ದುಡ್ಡನ್ನು ಕಡಿಮೆ ಮಾಡಿದೆವು. ಬಸ್ ಸ್ಟಾಪಿನಿಂದ ಕರೆತರುವ ಜೊತೆಗಾರರು, ಸ್ಥಳೀಯ ಆಡಳಿತದ ಜೊತೆ ದಾರಿ ರಿಪೇರಿಯ ಪತ್ರವ್ಯವಹಾರ, ಆಡಿಯೊ ಪುಸ್ತಕ, ಇವು ಬಂದವು. ಅರ್ಜಿ ಮಂಜೂರಾಯಿತು. ಅದಕ್ಕಿಂತ ಮುಖ್ಯ, ಜನ ಬಂದರು.

ಹಾಗಾಗಿ ಅರ್ಜಿಯಲ್ಲಿ ಹೀಗೆ ಬರೆಯುವಂತಿರಬೇಕು: ಯೋಜನೆಯ ಯಾವ ಹಂತದಲ್ಲಿ ಯಾವ ಸಂಘಟನೆಯ ಎಷ್ಟು ಜನ ಕೂತರು, ಅವರು ಏನು ಹೇಳಿದರು, ಅದರಿಂದ ನಾವು ಏನನ್ನು ಬದಲಿಸಿದೆವು, ಮುಂದೆ ತೀರ್ಮಾನ ಮಾಡುವ ಸಮಿತಿಯಲ್ಲಿ ಅವರಿಗೆ ಎಷ್ಟು ಮತ. "ಏನನ್ನು ಬದಲಿಸಿದೆವು" ಅನ್ನುವ ಸಾಲು ಖಾಲಿ ಇದ್ದರೆ ಸಮಾಲೋಚನೆ ನಡೆದಿಲ್ಲ ಅಂತಲೇ ಲೆಕ್ಕ.

ಪೋಷಕರನ್ನು ಕೇಳಿದರೆ ಆಗಲ್ವಾ?

ಪೋಷಕರನ್ನೂ ಕೇಳಿ. ಅವರ ದಣಿವು, ಅವರ ಅನುಭವ ಎರಡೂ ದೊಡ್ಡವು. ಆದರೆ ಅವರ ಮಾತು ಮಕ್ಕಳ ಮಾತಿಗೆ ಬದಲಿಯಾಗಬಾರದು. ಬೌದ್ಧಿಕ ಅಂಗವೈಕಲ್ಯ ಇರುವವರನ್ನು "ಅವರಿಗೇನು ಗೊತ್ತಾಗುತ್ತೆ" ಅಂತ ಬಿಟ್ಟುಬಿಡುವುದು ತುಂಬ ಸಾಮಾನ್ಯ. ಚಿತ್ರ ತೋರಿಸಿ, ಜಾಗಕ್ಕೇ ಕರೆದುಕೊಂಡು ಹೋಗಿ, ಎರಡರಲ್ಲಿ ಒಂದನ್ನು ಆರಿಸಲು ಹೇಳಿ, ಸಮಯ ಕೊಡಿ. ಉತ್ತರ ಬರುತ್ತದೆ.

ನಮ್ಮ ಪ್ರದೇಶದಲ್ಲಿ ಎಷ್ಟು ಜನ ಅಂಗವಿಕಲರಿದ್ದಾರೆ ಅಂತ ಹೇಗೆ ತೋರಿಸುವುದು?

ಜನಗಣತಿಯ ಅಂಕಿ ಇದ್ದರೆ ಹಾಕಿ. ಸ್ವಂತ ಸಮೀಕ್ಷೆ ಮಾಡುವುದಾದರೆ "ನಿಮ್ಮ ಮನೆಯಲ್ಲಿ ಅಂಗವಿಕಲರು ಇದ್ದಾರಾ?" ಅಂತ ಕೇಳಬೇಡಿ. ಜನ ಮುಚ್ಚಿಡುತ್ತಾರೆ. ವಯಸ್ಸಾದವರು "ನನಗೆ ಮೊಣಕಾಲು ನೋವು ಅಷ್ಟೇ" ಅಂದುಕೊಳ್ಳುತ್ತಾರೆ.

ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದಡಿ 2001ರಲ್ಲಿ ರೂಪುಗೊಂಡ ವಾಷಿಂಗ್ಟನ್ ಗ್ರೂಪ್ ಆರು ಸರಳ ಪ್ರಶ್ನೆಗಳನ್ನು ಮಾಡಿದೆ. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವಾಗುತ್ತದಾ? ಶ್ರವಣಯಂತ್ರ ಇದ್ದರೂ ಕೇಳಲು? ನಡೆಯಲು, ಮೆಟ್ಟಿಲು ಹತ್ತಲು? ನೆನಪಿಡಲು, ಗಮನ ಕೊಡಲು? ಸ್ನಾನ ಮಾಡಲು, ಬಟ್ಟೆ ತೊಡಲು? ಮಾತು ತಿಳಿಸಲು, ತಿಳಿದುಕೊಳ್ಳಲು? ಪ್ರತಿಯೊಂದಕ್ಕೂ ನಾಲ್ಕು ಉತ್ತರ: ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬ ಕಷ್ಟ, ಆಗುವುದೇ ಇಲ್ಲ. ಒಂದಕ್ಕಾದರೂ "ತುಂಬ ಕಷ್ಟ" ಅಥವಾ "ಆಗುವುದೇ ಇಲ್ಲ" ಅಂದವರನ್ನು ಎಣಿಸುತ್ತಾರೆ. ಅಂಗವೈಕಲ್ಯ ಅನ್ನುವ ಪದವೇ ಬರುವುದಿಲ್ಲ, ಹಾಗಾಗಿ ಜನ ನಿಜ ಹೇಳುತ್ತಾರೆ. ಮಾನಸಿಕ ಆರೋಗ್ಯದ ತೊಂದರೆಗಳು ಈ ಆರರಲ್ಲಿ ಸರಿಯಾಗಿ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಬೇರೆಯಾಗಿ ಕೇಳಬೇಕು.

ನಮಗೆ ಬೇಕಿರುವುದು ಒಂದು ರ‍್ಯಾಂಪ್ ಅಷ್ಟೇ. ಅದಕ್ಕೂ ಇಷ್ಟೆಲ್ಲ ಬರೆಯಬೇಕಾ?

ರ‍್ಯಾಂಪ್ "ಅಷ್ಟೇ" ಅಲ್ಲ. ಸುಮ್ನೆ ಸಿಮೆಂಟ್ ಸುರಿದು ಇಳಿಜಾರು ಮಾಡಿದರೆ ಅದು ಸಾಮಾನು ತಳ್ಳಲು ಆಗುತ್ತದೆ, ಮನುಷ್ಯರಿಗೆ ಆಗುವುದಿಲ್ಲ.

ಬಹಳ ಕಡೆ ಒಪ್ಪಿಕೊಂಡ ಅಳತೆ 1:12. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಹದಿನೈದು ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂಟಿಮೀಟರ್. ಅಂದರೆ ರ‍್ಯಾಂಪ್ 5.4 ಮೀಟರ್ ಬೇಕು. ಟೇಪು ಹಿಡಿದು ಒಂದು ಸಲ ಅಳೆದು ನೋಡಿ, ಎಷ್ಟು ಉದ್ದ ಅಂತ ನಿಮಗೇ ಅಚ್ಚರಿಯಾಗುತ್ತದೆ. ಜಾಗ ಸಾಲದಿದ್ದರೆ ತಿರುವು ಹಾಕಬೇಕು. ತಿರುವಿನಲ್ಲಿ, ಮೇಲೆ, ಕೆಳಗೆ ಸಮತಟ್ಟು ಜಾಗ ಬೇಕು. ಗಾಲಿಕುರ್ಚಿ ಪೂರ್ತಿ ತಿರುಗಲು ಸುಮಾರು ಒಂದೂವರೆ ಮೀಟರ್ ಹಿಡಿಯುತ್ತದೆ. ಎರಡೂ ಬದಿಗೆ ಹಿಡಿಕೆ, ಚಕ್ರ ಜಾರಿ ಬೀಳದಂತೆ ಅಂಚು, ಮಳೆಯಲ್ಲಿ ಜಾರದ ನೆಲ.

ಹೊಸದಾಗಿ ಕಟ್ಟಿದ ಒಂದು ಸಭಾಂಗಣ ನೆನಪಾಗುತ್ತದೆ. ಇಳಿಜಾರು ಸರಿಯಾಗಿಯೇ ಇತ್ತು, ಹಿಡಿಕೆಯೂ ಇತ್ತು. ಮೇಲೆ ಸಮತಟ್ಟು ಜಾಗ ಮಾತ್ರ ಇರಲಿಲ್ಲ. ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಗಾಲಿಕುರ್ಚಿಯಲ್ಲಿ ಬಂದ ಹೆಂಗಸು ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ಎಳೆದರು. ಬಾಗಿಲು ಅವರ ಮೊಣಕಾಲಿಗೆ ಬಡಿಯಿತು. ಹಿಂದಕ್ಕೆ ಸರಿಯಲು ಹೋದರೆ ಇಳಿಜಾರು. ಒಳಗೆ ಅಂಗವಿಕಲರ ಹಕ್ಕಿನ ಬಗ್ಗೆಯೇ ಭಾಷಣ ನಡೆಯುತ್ತಿತ್ತು. ಅವರು ಹೊರಗೇ ಕಾದರು, ಯಾರಾದರೂ ಬರಲಿ ಅಂತ. ಅವತ್ತಿನಿಂದ ರ‍್ಯಾಂಪಿನ ನಕ್ಷೆ ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಬಾಗಿಲಿಗೆ ಹೋಗುತ್ತದೆ.

ಆಮೇಲೆ ಶೌಚಾಲಯ. ಒಳಗೆ ಬಂದವರು ಎರಡು ಗಂಟೆ ಕೂರಬೇಕಲ್ಲ. ಬಾಗಿಲಿನ ಅಗಲ ಕನಿಷ್ಠ 80ರಿಂದ 90 ಸೆಂಟಿಮೀಟರ್, ಒಳಗೆ ತಿರುಗಲು ಜಾಗ, ಗೋಡೆಗೆ ಗಟ್ಟಿ ಹಿಡಿಕೆ ಬೇಕು. ಅಷ್ಟೆಲ್ಲ ಮಾಡಿ ಅದನ್ನು ಪೊರಕೆ, ಮುರಿದ ಕುರ್ಚಿ ಇಡುವ ಉಗ್ರಾಣ ಮಾಡಿಬಿಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಯಾರು ಬೀಗ ತೆಗೆಯುತ್ತಾರೆ, ಯಾರು ಶುಚಿ ಮಾಡುತ್ತಾರೆ ಅಂತಲೂ ಯೋಜನೆಯಲ್ಲೇ ಬರೆಯಿರಿ.

ಅನುಮತಿ ಪತ್ರಗಳನ್ನು ಮರೆಯಬೇಡಿ. ಕಟ್ಟಡ ನಿಮ್ಮದಲ್ಲದಿದ್ದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು.

ಬಜೆಟ್‌ನಲ್ಲಿ ಜನ ಸಾಮಾನ್ಯವಾಗಿ ಏನು ಮರೆಯುತ್ತಾರೆ?

ಭಾಗವಹಿಸಲು ತಗಲುವ ಖರ್ಚನ್ನೇ. ಸಭೆಗೆ ಬರುವ ವಾಹನ, ಜೊತೆಗೆ ಬರುವ ಸಹಾಯಕರ ಪ್ರಯಾಣ ಮತ್ತು ಊಟ, ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್, ಕ್ಯಾಪ್ಷನ್ (ಆಡಿದ ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವುದು), ದೊಡ್ಡ ಅಕ್ಷರದ ಪ್ರತಿ, ಬ್ರೈಲ್, ಗದ್ದಲ ತಡೆಯಲಾಗದವರಿಗೆ ಒಂದು ಶಾಂತ ಕೋಣೆ. ಇದನ್ನು ಕೊನೆಯಲ್ಲಿ "ಇತರೆ" ಅನ್ನುವ ಸಾಲಿಗೆ ತಳ್ಳಬೇಡಿ. ಮೊದಲ ಸಾಲಿನಲ್ಲೇ, ಅದರದೇ ಹೆಸರಿನಲ್ಲಿ ಬರೆಯಿರಿ. ದುಡ್ಡು ಕಡಿಮೆ ಬಂದಾಗ ಮೊದಲು ಕತ್ತರಿ ಬೀಳುವುದು "ಇತರೆ"ಗೆ.

ಇಂಟರ್‌ಪ್ರಿಟರ್ ಬಗ್ಗೆ ಒಂದು ಮಾತು. ಒಂದು ಗಂಟೆಗಿಂತ ಉದ್ದದ ಸಭೆಗೆ ಇಬ್ಬರು ಬೇಕು. ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅದು ಕೈಗೂ ಮಿದುಳಿಗೂ ಬಹಳ ದಣಿವಿನ ಕೆಲಸ. ಒಬ್ಬರನ್ನೇ ಕರೆದು ಮೂರು ಗಂಟೆ ನಿಲ್ಲಿಸಿದರೆ ಅರ್ಧ ಮಾತು ಕಿವುಡರಿಗೆ ತಲುಪುವುದೇ ಇಲ್ಲ. ಜೊತೆಗೆ ಯಾವ ಸಂಜ್ಞಾ ಭಾಷೆ ಅಂತ ಕೇಳಿಕೊಳ್ಳಿ. ಜಗತ್ತಿಗೆಲ್ಲ ಒಂದೇ ಸಂಜ್ಞಾ ಭಾಷೆ ಇಲ್ಲ.

ಅಂಗವಿಕಲ ಸಲಹೆಗಾರರಿಗೆ ಸಂಭಾವನೆ ಕೊಡಬಹುದಾ? ಅವರಿಗಾಗಿಯೇ ಅಲ್ವಾ ಕೆಲಸ?

ಕೊಡಲೇಬೇಕು. ಇಂಜಿನಿಯರಿಗೆ ಕೊಡುತ್ತೀರಿ, ಲೆಕ್ಕಪರಿಶೋಧಕರಿಗೆ ಕೊಡುತ್ತೀರಿ. ಬದುಕಿಡೀ ಕಲಿತದ್ದನ್ನು ನಿಮಗೆ ಹೇಳಿಕೊಡುವವರು ಮಾತ್ರ ಪುಕ್ಕಟೆ ಬರಬೇಕು ಅನ್ನುವುದು ನ್ಯಾಯವಲ್ಲ. ಒಂದೇ ಎಚ್ಚರ: ಕೆಲವು ದೇಶಗಳಲ್ಲಿ ಸಂಭಾವನೆ ಪಡೆದರೆ ಅವರ ಪಿಂಚಣಿ, ಭತ್ಯೆಗೆ ತೊಂದರೆಯಾಗಬಹುದು. ಮೊದಲೇ ಅವರ ಜೊತೆ ಮಾತಾಡಿ, ಹೇಗೆ ಕೊಟ್ಟರೆ ಅನುಕೂಲ ಅಂತ ಕೇಳಿ.

ನಮ್ಮ ಪಾಲಿನ ದುಡ್ಡು ಹಾಕಬೇಕಾ?

ಕೆಲವು ಅನುದಾನಗಳು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಕೇಳಿದಲ್ಲೆಲ್ಲ ನಗದೇ ಆಗಬೇಕೆಂದಿಲ್ಲ. ಸಭಾಂಗಣ, ಸ್ವಯಂಸೇವಕರ ಶ್ರಮ, ಸಾಮಾನು ಇವಕ್ಕೆ ಬೆಲೆ ಕಟ್ಟಿ ತೋರಿಸಲು ಬಿಡುವುದುಂಟು. ಹಾಗೆ ತೋರಿಸಿದರೆ ಗಂಟೆ ಲೆಕ್ಕದ ಹಾಜರಿ ಪುಸ್ತಕ ಇಡಿ.

ಪುಸ್ತಕಗಳನ್ನು ಬ್ರೈಲ್ ಅಥವಾ ಆಡಿಯೊ ಮಾಡಿದರೆ ಕೃತಿಸ್ವಾಮ್ಯದ ತಕರಾರು ಬರುತ್ತದಾ?

2013ರಲ್ಲಿ ಮಾಡಿಕೊಂಡ ಮರಾಕೆಶ್ ಒಪ್ಪಂದ ಇದಕ್ಕಾಗಿಯೇ ಇದೆ. 2016ರಲ್ಲಿ ಜಾರಿಗೆ ಬಂತು. ಸೇರಿದ ದೇಶಗಳಲ್ಲಿ, ಲಾಭದ ಉದ್ದೇಶವಿಲ್ಲದೆ ಕೆಲಸ ಮಾಡುವ ಅಧಿಕೃತ ಸಂಸ್ಥೆಗಳು ಪ್ರಕಟಿತ ಪುಸ್ತಕವನ್ನು ಓದಲು ಆಗದವರಿಗಾಗಿ ಬೇರೆ ರೂಪಕ್ಕೆ ತರಬಹುದು. ಹಕ್ಕುದಾರರ ಅನುಮತಿಗೆ ಕಾಯಬೇಕಿಲ್ಲ. ಇದಕ್ಕೆ ಅಂಧರು ಮಾತ್ರವಲ್ಲ, ಪುಸ್ತಕ ಕೈಯಲ್ಲಿ ಹಿಡಿಯಲು, ಪುಟ ತಿರುಗಿಸಲು ಆಗದವರೂ ಸೇರುತ್ತಾರೆ. ಒಪ್ಪಂದವನ್ನು ಮೊಟ್ಟಮೊದಲು ಸ್ಥಿರೀಕರಿಸಿದ ದೇಶ ಭಾರತ, 2014ರಲ್ಲಿ. ಆದರೆ ಹಾಗೆ ಮಾಡಿದ ಪ್ರತಿಯನ್ನು ಎಲ್ಲರಿಗೂ ಹಂಚುವಂತಿಲ್ಲ.

ವೆಬ್‌ಸೈಟ್ ಮಾಡುವ ಯೋಜನೆಯಾದರೆ?

ಅಂಗವಿಕಲರೂ ಬಳಸುವಂತೆ ಸೈಟ್ ಹೇಗಿರಬೇಕು ಅಂತ ಹೇಳುವ, ಡಬ್ಲ್ಯುಸಿಎಜಿ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. 2.2ನೇ ಆವೃತ್ತಿ 2023ರಲ್ಲಿ ಬಂದಿದೆ. ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟ ತಲುಪುತ್ತೇವೆ ಅಂತ ಅರ್ಜಿಯಲ್ಲೂ, ಸೈಟ್ ಮಾಡುವವರ ಜೊತೆಗಿನ ಕರಾರಿನಲ್ಲೂ ಬರೆಸಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬಣ್ಣದ ಅಂತರ, ಚಿತ್ರಕ್ಕೆ ವಿವರಣೆ, ಮೌಸ್ ಇಲ್ಲದೆ ಬರೀ ಕೀಬೋರ್ಡಿನಿಂದ ಓಡಾಡಲು ಆಗುವುದು, ಇವು ಅದರಲ್ಲಿ ಬರುತ್ತವೆ. ಯಂತ್ರದಿಂದ ಮಾಡುವ ಪರೀಕ್ಷೆ ಒಂದೇ ಸಾಲದು. ದಿನವೂ ಸ್ಕ್ರೀನ್ ರೀಡರ್ ಬಳಸುವವರ ಮುಂದೆ ಸೈಟ್ ತೆರೆದಿಟ್ಟು ಸುಮ್ನೆ ಪಕ್ಕ ಕೂರಿ. ಹತ್ತು ನಿಮಿಷದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ.

ಅರ್ಜಿ ನಮೂನೆಯನ್ನೇ ನಮ್ಮ ಸದಸ್ಯರು ಓದಲು ಆಗುತ್ತಿಲ್ಲ. ಏನು ಮಾಡುವುದು?

ಅನುದಾನ ಕೊಡುವ ಕಚೇರಿಗೆ ಬರೆದು ಬೇರೆ ರೂಪದಲ್ಲಿ ಕೇಳಿ. ವರ್ಡ್ ಕಡತ, ದೊಡ್ಡ ಅಕ್ಷರ, ಫೋನಿನಲ್ಲಿ ವಿವರಣೆ, ವಿಡಿಯೊ ಮೂಲಕ ಉತ್ತರ, ಇನ್ನೊಂದಿಷ್ಟು ಸಮಯ. ಇದು ಉಪಕಾರ ಕೇಳುವುದಲ್ಲ. ಒಡಂಬಡಿಕೆಯೇ "ಸೂಕ್ತ ಹೊಂದಾಣಿಕೆ" ಅನ್ನುವ ಹಕ್ಕನ್ನು ಕೊಟ್ಟಿದೆ, ಅದನ್ನು ನಿರಾಕರಿಸುವುದು ತಾರತಮ್ಯ ಅಂತಲೂ ಹೇಳಿದೆ. ಕೇಳಿದ ದಿನಾಂಕ ಬರೆದಿಟ್ಟುಕೊಳ್ಳಿ.

ಅಂಗವಿಕಲರ ಫೋಟೊ, ಕಥೆ ಹಾಕಿದರೆ ಅರ್ಜಿಗೆ ಬಲ ಬರುತ್ತದಲ್ಲ?

ಅವರು ಪೂರ್ತಿ ಅರ್ಥಮಾಡಿಕೊಂಡು ಒಪ್ಪಿದರೆ ಮಾತ್ರ. ಎಲ್ಲಿ ಬಳಸುತ್ತೀರಿ, ಎಷ್ಟು ದಿನ, ಯಾರು ನೋಡುತ್ತಾರೆ ಅಂತ ಹೇಳಿ. ಬೇಡ ಅಂದರೆ ಸೌಲಭ್ಯ ತಪ್ಪುವುದಿಲ್ಲ ಅಂತಲೂ ಹೇಳಿ. ನೆಲದ ಮೇಲೆ ಕೂತು ಮೇಲೆ ನೋಡುತ್ತಿರುವ ಮಗುವಿನ ಫೋಟೊಗಿಂತ, ಅದೇ ಮಗು ಗೆಳೆಯರ ಜೊತೆ ಆಟದಲ್ಲಿ ಮುಳುಗಿರುವ ಫೋಟೊ ನಿಮ್ಮ ಯೋಜನೆಯನ್ನು ಚೆನ್ನಾಗಿ ಹೇಳುತ್ತದೆ.

ದುಡ್ಡು ಬಂದ ಮೇಲೆ ಏನೇನು ಜವಾಬ್ದಾರಿ?

ದುಡ್ಡು ಸಾಮಾನ್ಯವಾಗಿ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ ಕೊಟ್ಟ ಮೇಲೆ ಎರಡನೆಯದು. ಯೋಜನೆಗೇ ಬೇರೆ ಬ್ಯಾಂಕ್ ಖಾತೆ ಅಥವಾ ಬೇರೆ ಲೆಕ್ಕದ ಪುಸ್ತಕ ಇರಲಿ. ಪ್ರತಿ ಖರ್ಚಿಗೆ ಬಿಲ್, ವೋಚರ್. ದೊಡ್ಡ ಖರೀದಿಗೆ ಮೂರು ಕಡೆಯ ಕೊಟೇಶನ್. ಕೊನೆಗೆ ಹಣ ಬಳಕೆಯ ಪ್ರಮಾಣಪತ್ರ ಮತ್ತು ಆಡಿಟ್ ವರದಿ. ಇವತ್ತಿನ ಬಿಲ್ ಇವತ್ತೇ ಅಂಟಿಸಿ. ವರ್ಷದ ಕೊನೆಗೆ ಚೀಲ ಸುರಿದು ಹುಡುಕುವ ಪರಿಸ್ಥಿತಿ ತಂದುಕೊಳ್ಳಬೇಡಿ.

ನಡುವೆ ಯೋಜನೆ ಬದಲಿಸಬೇಕಾಗಿ ಬಂದರೆ?

ಖರ್ಚು ಮಾಡುವ ಮೊದಲೇ ಕಚೇರಿಗೆ ಬರೆದು ಒಪ್ಪಿಗೆ ಪಡೆಯಿರಿ. ಕಾರಣ ಸ್ಪಷ್ಟವಾಗಿದ್ದರೆ ಅನೇಕ ಸಲ ಒಪ್ಪುತ್ತಾರೆ. ಮಾಡಿಬಿಟ್ಟು ಆಮೇಲೆ ಹೇಳಿದರೆ ಮಾತ್ರ ಕಷ್ಟ.

ಕೆಲಸ ಚೆನ್ನಾಗಿ ಆಯಿತು ಅಂತ ಹೇಗೆ ತೋರಿಸುವುದು?

"ಮೂರು ಶಿಬಿರ, 120 ಜನ" ಅನ್ನುವುದು ಮಾಡಿದ ಕೆಲಸದ ಎಣಿಕೆ. ಫಲ ಬೇರೆ. ಎಷ್ಟು ಅಂಗವಿಕಲರು ಕ್ಲಬ್ಬಿನ ಕಾಯಂ ಸದಸ್ಯರಾದರು? ಆರು ತಿಂಗಳ ಮೇಲೂ ಬರುತ್ತಿದ್ದಾರಾ? ಬಂದವರಲ್ಲಿ ಹೆಂಗಸರೆಷ್ಟು? ಬಿಟ್ಟುಹೋದವರು ಯಾಕೆ ಬಿಟ್ಟರು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿ, ವರದಿಯಲ್ಲಿ ಹಾಗೇ ಬರೆಯಿರಿ. ಎಡವಿದ್ದನ್ನು ಒಪ್ಪಿಕೊಂಡ ವರದಿಯಿಂದ ಮುಂದಿನ ಅರ್ಜಿಗೆ ಕೆಟ್ಟದಾಗುವುದಕ್ಕಿಂತ ಒಳ್ಳೆಯದಾದದ್ದೇ ನಾನು ಕಂಡದ್ದು ಜಾಸ್ತಿ. ಶುರುವಿನಲ್ಲೇ ಪರಿಸ್ಥಿತಿ ಹೇಗಿತ್ತು ಅಂತ ಬರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ?

ಅರ್ಜಿ ತಿರಸ್ಕಾರವಾಯಿತು. ಮುಂದೇನು?

ಕಾರಣ ಕೇಳಿ, ಲಿಖಿತವಾಗಿ. ಅಂಕಪಟ್ಟಿ ಕೊಡುವ ಪದ್ಧತಿ ಇದ್ದರೆ ಅದನ್ನೂ ತರಿಸಿಕೊಳ್ಳಿ. ಯೋಜನೆ ಕೆಟ್ಟದಿರಲೇಬೇಕು ಅಂತಿಲ್ಲ, ದುಡ್ಡಿಗಿಂತ ಅರ್ಜಿಗಳೇ ಜಾಸ್ತಿ ಇದ್ದಿರಬಹುದು. ಜೊತೆ ಕೂತು ಯೋಜನೆ ಮಾಡಿದ ಅಂಗವಿಕಲ ಗೆಳೆಯರಿಗೆ ಮೊದಲು ತಿಳಿಸಿ. ಮಂಜೂರಾದರೆ ಮಾತ್ರ ನೆನಪಾಗುವವರು ನಾವಾಗಬಾರದು.

ಅನುದಾನ ಮುಗಿದ ಮೇಲೆ ಕೆಲಸ ನಿಂತುಹೋಗುತ್ತದಲ್ಲ?

ದುಡ್ಡಿನಿಂದ ಮಾತ್ರ ನಡೆಯುವ ಭಾಗ ನಿಲ್ಲುತ್ತದೆ. ಹಾಗಾಗಿ ಯೋಜನೆ ಮಾಡುವಾಗಲೇ ಬೇರೆ ಮಾಡಿ: ಯಾವುದು ಒಂದು ಸಲದ ಖರ್ಚು, ಯಾವುದು ಪ್ರತಿ ತಿಂಗಳ ಖರ್ಚು. ಬಾಗಿಲು ಅಗಲ ಮಾಡಿದ್ದು ಉಳಿಯುತ್ತದೆ. ಕ್ಲಬ್ಬಿನ ಬೈಲಾದಲ್ಲಿ ಸಭೆಯ ನೋಟಿಸು ದೊಡ್ಡ ಅಕ್ಷರದಲ್ಲೂ ಹೋಗಬೇಕು ಅಂತ ಸೇರಿಸಿದ್ದು ಉಳಿಯುತ್ತದೆ. ಸಂಜ್ಞಾ ಭಾಷೆ ಕಲಿತ ನಾಲ್ಕು ಸದಸ್ಯರು ಉಳಿಯುತ್ತಾರೆ. ಸಮಿತಿಗೆ ಆಯ್ಕೆಯಾದ ಅಂಗವಿಕಲ ಕಾರ್ಯದರ್ಶಿ ಉಳಿಯುತ್ತಾರೆ. ವಾಹನ, ಇಂಟರ್‌ಪ್ರಿಟರ್‌ಗಳ ಖರ್ಚು ಪ್ರತಿ ತಿಂಗಳದ್ದು. ಅದನ್ನು ಅನುದಾನದ ಕೊನೆಯ ವರ್ಷದೊಳಗೆ ಸಂಸ್ಥೆಯ ಸ್ವಂತ ಬಜೆಟ್ಟಿಗೆ ತನ್ನಿ. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಮೊದಲೇ ಹೇಳಿದ ಓದುವ ಕೋಣೆಯಲ್ಲಿ ಅನುದಾನ ಮುಗಿದು ಬಹಳ ದಿನವಾಯಿತು. ಬಸ್ ಸ್ಟಾಪಿನಿಂದ ಕರೆತರುವ ಜೊತೆಗಾರರ ಪಟ್ಟಿ ಈಗಲೂ ಗೋಡೆಯ ಮೇಲಿದೆ, ವಾರಕ್ಕೊಮ್ಮೆ ಬದಲಾಗುತ್ತದೆ. ಪಟ್ಟಿ ಮಾಡುವವಳು ಅದೇ ಹುಡುಗಿ.